ಕೋಡಿಯಿಂದ ಪಂಪಿನವರೆಗೆ: ಹಿತ್ತಲ ಕೊಳದ ಜಲಪಾತ

ಹಿತ್ತಲಿನ ಕೊಳಕ್ಕೆ ಕಟ್ಟುವ ಪುಟ್ಟ ಜಲಪಾತಕ್ಕೂ ನದಿಯ ಜಲಪಾತಕ್ಕೂ ಇರುವ ಮುಖ್ಯ ವ್ಯತ್ಯಾಸವನ್ನು ನೀರು ಸಾಗುವ ದಾರಿಯಲ್ಲಿ ಕಾಣಬಹುದು. ನದಿಯಲ್ಲಿ ಒಮ್ಮೆ ಧುಮುಕಿದ ನೀರು ಮುಂದಕ್ಕೆ ಹರಿದು ಸಮುದ್ರ ಸೇರುತ್ತದೆ, ಅದನ್ನು ಮತ್ತೆ ಬೆಟ್ಟದ ನೆತ್ತಿಗೆ ಒಯ್ಯುವ ಕೆಲಸವನ್ನು ಬಿಸಿಲು ಮತ್ತು ಮುಂಗಾರು ಸೇರಿ ಮಾಡುತ್ತವೆ. ಹಿತ್ತಲಿನಲ್ಲಾದರೆ ಅದೇ ಎರಡು ಮೂರು ಸಾವಿರ ಲೀಟರ್ ನೀರು ಒಂದೇ ಸುತ್ತಿನಲ್ಲಿ ತಿರುಗುತ್ತಿರುತ್ತದೆ ಮತ್ತು ಅದನ್ನು ಎತ್ತುವ ಹೊಣೆ ಪಂಪಿನ ಮೇಲೆ ಬೀಳುತ್ತದೆ. ಇದು ಮುಚ್ಚಿದ ಸುತ್ತಾದ್ದರಿಂದ ಒಂದು ಕಡೆ ತಪ್ಪಿದ ಲೆಕ್ಕ ಇನ್ನೊಂದು ಕಡೆ ಕಾಣಿಸಿಕೊಳ್ಳುತ್ತದೆ: ಪೈಪು ಕಿರಿದಾದರೆ ಜಲಪಾತ ಸೊರಗುತ್ತದೆ, ಮೇಲಿನ ಕಲ್ಲು ಸ್ವಲ್ಪ ವಾಲಿದರೂ ನೀರು ಒಂದೇ ಮೂಲೆಯಿಂದ ಇಳಿಯುತ್ತದೆ, ತಳದ ಹಾಳೆಯ ಅಂಚು ಎಲ್ಲೋ ಒಂದು ಕಡೆ ತಗ್ಗಿದ್ದರೆ ಎರಡು ದಿನಗಳಲ್ಲಿ ಕೊಳವೇ ಅರ್ಧವಾಗುತ್ತದೆ.

ಇಂಥ ಕೆಲಸ ಸಾಮಾನ್ಯವಾಗಿ ಆರಂಭವಾಗುವುದು ಪಂಪಿನ ಖರೀದಿಯಿಂದ. ಅಂಗಡಿಯಲ್ಲಿ ಸಿಕ್ಕ ಪಂಪನ್ನು ತಂದು, ಅದರ ಬಾಯಿಗೆ ಹೊಂದುವ ಪೈಪನ್ನು ಸಿಕ್ಕಿಸಿ, ಕಲ್ಲುಗಳನ್ನು ಪೇರಿಸಿದ ಮೇಲೆ ನೀರು ಹೇಗೆ ಬೀಳುತ್ತದೆಂದು ನೋಡಲಾಗುತ್ತದೆ. ಜಲವಿಜ್ಞಾನದ ಲೆಕ್ಕವಾದರೋ ಇದಕ್ಕೆ ತಿರುವುಮುರುವಾಗಿ ಸಾಗುತ್ತದೆ. ನೀರು ಯಾವ ರೀತಿಯಲ್ಲಿ ಬೀಳಬೇಕು ಎಂಬುದು ಮೊದಲು ತೀರ್ಮಾನವಾಗಬೇಕು. ಅದರಿಂದ ಮೇಲಿನ ಅಂಚಿನ ಅಗಲ, ಅಗಲದಿಂದ ಹರಿವಿನ ಪ್ರಮಾಣ, ಹರಿವಿನಿಂದ ಪೈಪಿನ ಗಾತ್ರ, ಇವೆಲ್ಲವುಗಳಿಂದ ಕೊನೆಗೆ ಪಂಪು ನಿಗದಿಯಾಗುತ್ತದೆ. ಈ ಅಧ್ಯಾಯದಲ್ಲಿ ಮಾದರಿಗಾಗಿ 3 ಮೀಟರ್ ಉದ್ದ, 2 ಮೀಟರ್ ಅಗಲ ಮತ್ತು 60 ಸೆಂ.ಮೀ. ಆಳದ ಕೊಳವೊಂದನ್ನು ಇಟ್ಟುಕೊಳ್ಳಲಾಗಿದೆ. ಬದಿಗಳು ಇಳಿಜಾರಾಗಿರುವುದರಿಂದ ಅದರಲ್ಲಿ ಸುಮಾರು 3,000 ಲೀಟರ್ ನೀರು ಹಿಡಿಯುತ್ತದೆ. ಬೆಂಗಳೂರು ಅಥವಾ ಮೈಸೂರಿನ ಮನೆಯೊಂದರ ಹಿತ್ತಲಿಗೆ ಇದು ಹೊಂದುವ ಗಾತ್ರ.

ಅಂಚಿನ ಮೇಲಿನ ಕೆಲವು ಮಿಲಿಮೀಟರ್

ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಹರಿಯುವ ಕಟ್ಟೆಯನ್ನು ಕೋಡಿ ಎನ್ನುತ್ತಾರೆ. ಹಿತ್ತಲ ಜಲಪಾತದ ಮೇಲ್ತುದಿಯ ಕಲ್ಲು ಮಾಡುವ ಕೆಲಸವೂ ಅದೇ ಆದ್ದರಿಂದ, ದೊಡ್ಡ ಕೆರೆಗಳಿಗೆ ಅನ್ವಯಿಸುವ ಲೆಕ್ಕ ಸ್ಥೂಲವಾಗಿ ಇಲ್ಲಿಗೂ ಅನ್ವಯಿಸುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಲೋವೆಲ್ ಪಟ್ಟಣದಲ್ಲಿ ಜೇಮ್ಸ್ ಫ್ರಾನ್ಸಿಸ್ ಎಂಬ ಎಂಜಿನಿಯರ್ ಗಿರಣಿಗಳ ಕಾಲುವೆಗಳಲ್ಲಿ ಪ್ರಯೋಗಗಳನ್ನು ನಡೆಸಿ 1855ರಲ್ಲಿ ಪ್ರಕಟಿಸಿದ ಸೂತ್ರದ ಪ್ರಕಾರ, ಕೋಡಿಯ ಮೇಲೆ ಹಾಯುವ ನೀರಿನ ಪ್ರಮಾಣವು ಕೋಡಿಯ ಅಗಲಕ್ಕೆ ನೇರ ಅನುಪಾತದಲ್ಲಿಯೂ ಕೋಡಿಯ ಮಟ್ಟದಿಂದ ಮೇಲಿರುವ ನೀರಿನ ಎತ್ತರದ ಒಂದೂವರೆ ಘಾತಕ್ಕೆ ಅನುಪಾತದಲ್ಲಿಯೂ ಇರುತ್ತದೆ. ಅಗಲ ಇಮ್ಮಡಿಯಾದರೆ ಬೇಕಾಗುವ ನೀರು ಇಮ್ಮಡಿಯಾಗುತ್ತದೆ. ನೀರಿನ ಎತ್ತರವನ್ನು ಇಮ್ಮಡಿಯಾಗಿಸಬೇಕಾದರೆ ಮಾತ್ರ ಸುಮಾರು 2.8 ಪಟ್ಟು ನೀರು ಬೇಕಾಗುತ್ತದೆ.

ಮಾದರಿ ಕೊಳದ ಕೋಡಿಗೆ 30 ಸೆಂ.ಮೀ. ಅಗಲದ ಚಪ್ಪಡಿಯೊಂದನ್ನು ಕೂರಿಸಿ ಅದರ ಮೇಲೆ ಗಂಟೆಗೆ 3,000 ಲೀಟರ್, ಅಂದರೆ ಸೆಕೆಂಡಿಗೆ 0.83 ಲೀಟರ್ ನೀರನ್ನು ಹರಿಸಲಾಗುತ್ತದೆ ಎಂದಿಟ್ಟುಕೊಂಡರೆ, ಕೋಡಿಯ ಹಿಂದಿನ ಪುಟ್ಟ ಮಡುವಿನಲ್ಲಿ ನೀರು ಚಪ್ಪಡಿಯ ಮಟ್ಟಕ್ಕಿಂತ ಸುಮಾರು 13 ಮಿಲಿಮೀಟರ್ ಮೇಲೆ ನಿಲ್ಲುತ್ತದೆ. ಅಂಚಿನತ್ತ ಸಾಗುತ್ತಾ ವೇಗ ಹೆಚ್ಚುವುದರಿಂದ ನೀರಿನ ಪದರ ತೆಳುವಾಗುತ್ತದೆ ಮತ್ತು ಚಪ್ಪಡಿಯ ತುದಿಯನ್ನು ಬಿಡುವಾಗ ಅದರ ದಪ್ಪ ಆರೇಳು ಮಿಲಿಮೀಟರಿಗಿಂತ ಹೆಚ್ಚಿರುವುದಿಲ್ಲ. ಇಷ್ಟು ತೆಳುವಾದ ಪದರದಲ್ಲಿ ನೀರಿನ ಮೇಲ್ಮೈ ಸೆಳೆತವೂ, ಅಂದರೆ ಮೇಲ್ಮೈಯ ಅಣುಗಳು ಒಂದನ್ನೊಂದು ಹಿಡಿದೆಳೆಯುವ ಬಲವೂ ತನ್ನ ಪ್ರಭಾವ ತೋರುವುದರಿಂದ ಈ ಅಂಕಿಗಳನ್ನು ಅಂದಾಜೆಂದೇ ಗಣಿಸಬೇಕು. ಆದರೂ ಕಟ್ಟುವವರಿಗೆ ಬೇಕಾದ ಪಾಠ ಇದರಲ್ಲಿಯೇ ಇದೆ. ಚಪ್ಪಡಿಯ ಒಂದು ತುದಿ ಇನ್ನೊಂದಕ್ಕಿಂತ ಕೇವಲ ಏಳು ಮಿಲಿಮೀಟರ್ ಮೇಲಿದ್ದರೆ ಆ ತುದಿಯಲ್ಲಿ ನೀರು ಎದ್ದು ಕಾಣುವಷ್ಟು ಕಡಿಮೆಯಾಗಿ ಹೆಚ್ಚಿನ ಪಾಲು ಕೆಳತುದಿಯ ಕಡೆಗೆ ಸರಿಯುತ್ತದೆ. 30 ಸೆಂ.ಮೀ.ಗೆ ಏಳು ಮಿಲಿಮೀಟರ್ ಎಂದರೆ ಕೋನದಲ್ಲಿ ಒಂದು ಡಿಗ್ರಿಗಿಂತ ತುಸು ಹೆಚ್ಚಷ್ಟೇ. ಬರಿಗಣ್ಣಿಗೆ ನೇರವಾಗಿ ಕಂಡ ಕಲ್ಲು ನೀರಿಗೆ ನೇರವಾಗಿರುವುದಿಲ್ಲವಾದ್ದರಿಂದ, ಗಾರೆ ಗಟ್ಟಿಯಾಗುವ ಮೊದಲೇ ರಸಮಟ್ಟವಿಟ್ಟು ನೋಡುವುದೂ ಒಂದು ಬಕೆಟ್ ನೀರನ್ನು ನಿಧಾನವಾಗಿ ಸುರಿದು ಪರೀಕ್ಷಿಸುವುದೂ ಅಗತ್ಯ. ಜಲಪಾತ ಭರ್ಜರಿಯಾಗಿ ಕಾಣಲೆಂದು ಅದೇ ಪಂಪಿಗೆ 60 ಸೆಂ.ಮೀ. ಅಗಲದ ಕೋಡಿ ಮಾಡಿದರೆ ತುದಿಯಲ್ಲಿನ ಪದರ ನಾಲ್ಕು ಮಿಲಿಮೀಟರಿಗೆ ಇಳಿದು, ಪರದೆಯ ಬದಲು ಹರಿದುಹೋದ ಎಳೆಗಳು ಮಾತ್ರ ಉಳಿಯುತ್ತವೆ.

ಅಂಚನ್ನು ಬಿಟ್ಟ ನೀರು ಕೆಳಗೆ ಬೀಳುತ್ತಾ ವೇಗ ಪಡೆಯುತ್ತದೆ, ವೇಗ ಪಡೆದಷ್ಟೂ ತೆಳ್ಳಗಾಗುತ್ತದೆ. ಅರ್ಧ ಮೀಟರ್ ಬಿದ್ದ ನೀರಿನ ವೇಗ ಸೆಕೆಂಡಿಗೆ 3 ಮೀಟರ್ ದಾಟುತ್ತದೆ. ಮೇಲಿನ ಉದಾಹರಣೆಯಲ್ಲಿ ಆ ಹೊತ್ತಿಗೆ ಪರದೆಯ ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆಯಾಗಿರುತ್ತದೆ. ಮೇಲ್ಮೈ ಸೆಳೆತವು ಪರದೆಯ ಎರಡು ಅಂಚುಗಳನ್ನು ಒಳಕ್ಕೆ ಎಳೆಯುವುದರಿಂದ ಅದು ಕೆಳಗೆ ಹೋದಂತೆ ಕಿರಿದಾಗುತ್ತದೆ, ಗಾಳಿಯ ಚಿಕ್ಕ ಅಲುಗಾಟಕ್ಕೂ ಹರಿದು ಹನಿಗಳಾಗುತ್ತದೆ. ಸಣ್ಣ ಪಂಪಿನ ಜಲಪಾತವನ್ನು ಎತ್ತರವಾಗಿ ಕಟ್ಟಿದಷ್ಟೂ ಅದರ ಅಂದ ಕೆಡುವುದು ಈ ಕಾರಣದಿಂದ. ಎತ್ತರ ಹೆಚ್ಚಿದಂತೆ ಸಿಡಿಯುವ ಹನಿಗಳು ಕೊಳದ ಹೊರಗೆ ಬಿದ್ದು ನೀರೂ ನಷ್ಟವಾಗುತ್ತದೆ. ಇಂಥ ಕೊಳಕ್ಕೆ ಅರ್ಧ ಮೀಟರಿನ ಬೀಳು ಸಾಕು. ಇನ್ನಷ್ಟು ಎತ್ತರ ಬೇಕೆನಿಸಿದರೆ ಅದನ್ನು ಎರಡು ಮೂರು ಮೆಟ್ಟಿಲುಗಳಾಗಿ ಒಡೆಯುವುದು ಲೇಸು.

ಅಂಚಿನ ಆಕಾರವು ನೀರಿನ ನಡೆಯನ್ನು ಎಷ್ಟರಮಟ್ಟಿಗೆ ಬದಲಿಸಬಲ್ಲದು ಎಂಬುದಕ್ಕೆ ಜೋಗಕ್ಕಿಂತ ದೊಡ್ಡ ಪ್ರದರ್ಶನ ಕರ್ನಾಟಕದಲ್ಲಿಲ್ಲ. ಒಂದೇ ಶರಾವತಿ ಒಂದೇ ಬಂಡೆಯ ಸಾಲಿನಿಂದ ನಾಲ್ಕು ಕವಲಾಗಿ ಬೀಳುವಾಗ, 253 ಮೀಟರ್ ಎತ್ತರದ ರಾಜಾ ಬಂಡೆಯನ್ನು ತಾಕದೆ ನೆಟ್ಟಗೆ ಇಳಿಯುತ್ತದೆ, ರಾಕೆಟ್ ಚಿಮ್ಮುತ್ತಾ ಸಾಗುತ್ತದೆ, ರಾಣಿ ಬಂಡೆಯ ಮೈಯನ್ನೇ ಹಿಡಿದು ನೊರೆನೊರೆಯಾಗಿ ಜಾರುತ್ತದೆ. ಹಿತ್ತಲಿನಲ್ಲಿಯೂ ಆಯ್ಕೆ ಇದೇ: ಕಲ್ಲಿನಿಂದ ದೂರ ಹಾರಿ ಬೀಳುವ ನೀರೇ ಅಥವಾ ಕಲ್ಲನ್ನು ತಬ್ಬಿ ಇಳಿಯುವ ನೀರೇ? 11ನೆಯ ಶತಮಾನದ್ದೆಂದು ಗಣಿಸಲಾಗುವ ಜಪಾನಿನ ಉದ್ಯಾನ ಗ್ರಂಥ ‘ಸಕುತೇಯಿಕಿ’ಯು ಬಟ್ಟೆಯಂತೆ ಇಳಿಯುವ ಜಲಪಾತ, ನೂಲಿನಂತೆ ಇಳಿಯುವ ಜಲಪಾತ ಎಂದು ಬಗೆಗಳನ್ನು ವಿಂಗಡಿಸಿ ಪ್ರತಿಯೊಂದಕ್ಕೂ ಎಂಥ ಕಲ್ಲು ಬೇಕೆಂದು ಹೇಳುತ್ತದೆ. ಮೊಗಲರ ತೋಟಗಳಲ್ಲಿ ‘ಚಾದರ್’ ಎಂದು ಕರೆಯುತ್ತಿದ್ದ ಇಳಿಜಾರು ಹಾಸುಗಲ್ಲಿನ ಮೈಮೇಲೆ ಮೀನಿನ ಪೊರೆಯಂಥ ಉಬ್ಬುತಗ್ಗುಗಳನ್ನು ಕೆತ್ತಿ, ತೆಳುವಾದ ನೀರನ್ನು ಒಡೆದು, ಗಾಳಿ ಬೆರೆಸಿ, ಬೆಳ್ಳಗೆ ಹೊಳೆಯುವಂತೆ ಮಾಡಲಾಗುತ್ತಿತ್ತು. ಕಾಶ್ಮೀರದ ಶಾಲಿಮಾರ್ ತೋಟದ ಮಾದರಿಯನ್ನು ಮುಂದಿಟ್ಟುಕೊಂಡು ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಕನ್ನಂಬಾಡಿ ಕಟ್ಟೆಯ ಕೆಳಗೆ ರೂಪುಗೊಂಡ ಬೃಂದಾವನ ಉದ್ಯಾನದ ಮೆಟ್ಟಿಲು ಕಾಲುವೆಗಳು ಆ ಪರಂಪರೆಗೆ ಸೇರಿದವು. ಪಂಪು ಚಿಕ್ಕದಿದ್ದು ನೀರು ಕಡಿಮೆ ಇರುವಲ್ಲಿ ಚಾದರ್ ಬಗೆಯೇ ಹೆಚ್ಚು ಹೊಂದುತ್ತದೆ, ಏಕೆಂದರೆ ಅದರಲ್ಲಿ ಪರದೆ ಹರಿಯುವ ಪ್ರಶ್ನೆಯೇ ಬರುವುದಿಲ್ಲ.

ನೀರು ಹಾರಿ ಬೀಳಬೇಕೆಂದಿದ್ದರೆ ಒಂದು ತೊಡಕನ್ನು ನಿವಾರಿಸಬೇಕಾಗುತ್ತದೆ. ನಿಧಾನವಾಗಿ ಹರಿಯುವ ನೀರು ಅಂಚನ್ನು ದಾಟಿದ ಮೇಲೆ ನೇರವಾಗಿ ಬೀಳದೆ ಕಲ್ಲಿನ ಅಡಿಗೆ ಮಡಚಿಕೊಂಡು ಹಿಂದಕ್ಕೆ ಓಡುತ್ತದೆ. ಟೀ ಪಾತ್ರೆಯ ಮೂತಿಯಿಂದ ಬಗ್ಗಿಸಿದ ಟೀ ಪಾತ್ರೆಯ ಹೊರಮೈಯನ್ನೇ ಹಿಡಿದು ಇಳಿಯುವುದೂ ಇದರಿಂದಲೇ ಆದ್ದರಿಂದ ವಿಜ್ಞಾನಿಗಳು ಇದನ್ನು ‘ಟೀಪಾಟ್ ಪರಿಣಾಮ’ ಎನ್ನುತ್ತಾರೆ. 1957ರಲ್ಲಿ ಜೋಸೆಫ್ ಕೆಲ್ಲರ್ ಎಂಬ ಗಣಿತಜ್ಞರು, ಅಂಚಿನಲ್ಲಿ ತಿರುಗುವ ಪದರದ ಒಳಮೈಯಲ್ಲಿ ಒತ್ತಡ ಕುಸಿಯುವುದರಿಂದ ಹೊರಗಿನ ಗಾಳಿ ಅದನ್ನು ಗೋಡೆಯ ಕಡೆಗೆ ಒತ್ತುತ್ತದೆ ಎಂದು ವಿವರಿಸಿದರು. ಅಂಚು ದುಂಡಾಗಿದ್ದರೆ ಮತ್ತು ಹರಿವು ನಿಧಾನವಾಗಿದ್ದರೆ ಈ ಪರಿಣಾಮ ಹೆಚ್ಚು, ಅಂಚು ಚೂಪಾಗಿದ್ದರೆ ಕಡಿಮೆ. ಮನೆಯ ಸಜ್ಜೆಯ ಅಡಿಯಲ್ಲಿ ಮಳೆನೀರು ಗೋಡೆಗೆ ಓಡದಿರಲೆಂದು ಗಾರೆಯವರು ಉದ್ದಕ್ಕೂ ಒಂದು ಗೀರು ಬಿಡುತ್ತಾರಷ್ಟೆ. ಕೋಡಿಯ ಚಪ್ಪಡಿಯ ಅಡಿಯಲ್ಲಿ, ಅಂಚಿನಿಂದ ಎರಡು ಸೆಂ.ಮೀ. ಒಳಗೆ, ಕಟಿಂಗ್ ಯಂತ್ರದಿಂದ ಅಂಥದೇ ಗೀರನ್ನು ಕೊರೆಸಿದರೆ ಹಿಂದಕ್ಕೆ ಓಡುವ ನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ. ಕಡಪ ಅಥವಾ ಶಹಾಬಾದ್ ಕಲ್ಲಿನ ಸಮತಟ್ಟಾದ ಚಪ್ಪಡಿ ಈ ಕೆಲಸಕ್ಕೆ ಅನುಕೂಲಕರ. ಹೊಳೆಯಲ್ಲಿ ಉರುಳಿ ನುಣುಪಾದ ಗುಂಡುಕಲ್ಲನ್ನು ಅಂಚಿಗೆ ಬಳಸಿದರೆ ನೀರು ಅದನ್ನು ಬಿಟ್ಟು ಕದಲುವುದಿಲ್ಲ.

ಸದ್ದು ಹುಟ್ಟುವ ಜಾಗ

ಜಲಪಾತದ ಸದ್ದು ನೀರು ಕಲ್ಲಿಗೆ ಬಡಿಯುವುದರಿಂದ ಬರುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಬೆಲ್ಜಿಯಂ ಮೂಲದ ಖಗೋಳ ವಿಜ್ಞಾನಿ ಮಾರ್ಸೆಲ್ ಮಿನ್ನಾರ್ಟ್ 1933ರಲ್ಲಿ ತೋರಿಸಿದಂತೆ ಹರಿಯುವ ನೀರಿನ ಇಂಪಿಗೆ ಮೂಲ ಅದರೊಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು. ನೀರು ಬಿದ್ದೆಡೆ ಗಾಳಿಯನ್ನು ಎಳೆದುಕೊಂಡು ಒಳಹೋಗುತ್ತದೆ, ಆ ಗಾಳಿ ಗುಳ್ಳೆಯಾಗಿ ಮುಚ್ಚಿಕೊಳ್ಳುವ ಕ್ಷಣದಲ್ಲಿ ಕುಗ್ಗುತ್ತಾ ಹಿಗ್ಗುತ್ತಾ ಕಂಪಿಸುತ್ತದೆ ಮತ್ತು ಆ ಕಂಪನದ ವೇಗ ಗುಳ್ಳೆಯ ಗಾತ್ರವನ್ನು ಅವಲಂಬಿಸಿರುತ್ತದೆ. ಒಂದು ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 3,300 ಬಾರಿ ಕಂಪಿಸಿದರೆ, ಮೂರು ಮಿಲಿಮೀಟರ್ ತ್ರಿಜ್ಯದ್ದು 1,100 ಬಾರಿ ಕಂಪಿಸಿ ತಗ್ಗಿನ ಸ್ವರ ಕೊಡುತ್ತದೆ. ನಲ್ಲಿಯಿಂದ ತೊಟ್ಟಿಕ್ಕುವ ಹನಿಯ ‘ಟಪ್’ ಸದ್ದೂ ಹನಿ ಬಿದ್ದ ಕುಳಿಯಡಿ ಸಿಕ್ಕಿಕೊಳ್ಳುವ ಒಂದೇ ಒಂದು ಗುಳ್ಳೆಯಿಂದ ಬರುತ್ತದೆಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ಅನುರಾಗ್ ಅಗರ್‌ವಾಲ್ ಮತ್ತು ಸಂಗಡಿಗರು 2018ರಲ್ಲಿ ಅತಿವೇಗದ ಕ್ಯಾಮೆರಾ ಮತ್ತು ಮೈಕ್ರೊಫೋನುಗಳ ನೆರವಿನಿಂದ ದೃಢಪಡಿಸಿದರು.

ಆದ್ದರಿಂದ ಸದ್ದನ್ನು ಹೊಂದಿಸುವ ಜಾಗ ನೀರು ಬೀಳುವ ತಾಣ. ಪರದೆಯ ಕೆಳಗೆ ಆಳವಾದ ಮಡು ಇದ್ದರೆ ಗುಳ್ಳೆಗಳು ಒಳಕ್ಕಿಳಿದು ಗಂಭೀರವಾದ ಗುಳುಗುಳು ಸದ್ದು ಬರುತ್ತದೆ. ಅಲ್ಲೊಂದು ಕಲ್ಲನ್ನು ನೀರಿನ ಮಟ್ಟಕ್ಕೆ ತಂದಿಟ್ಟರೆ ನೀರು ಚೂರುಚೂರಾಗಿ ಸಿಡಿದು ಸದ್ದು ಚುರುಕಾಗುತ್ತದೆ. ಚಾದರಿನಂತೆ ಜಾರಿ ಬಂದ ನೀರು ಹೆಚ್ಚು ಗಾಳಿಯನ್ನು ಎಳೆದೊಯ್ಯದೆ ಮೆಲ್ಲಗೆ ಕೊಳ ಸೇರುತ್ತದೆ. ಮಲಗುವ ಕೋಣೆಯ ಕಿಟಕಿಗೆ ಹತ್ತಿರವಿರುವ ಕೊಳಕ್ಕೆ ಮೂರನೆಯದೇ ಸೂಕ್ತ.

ಎತ್ತುವ ಲೆಕ್ಕ

ಪಂಪಿನ ಅಂಗಡಿಗಳಲ್ಲಿ ‘ಹೆಡ್’ ಎಂಬ ಪದ ಮೊದಲು ಕಿವಿಗೆ ಬೀಳುತ್ತದೆ. ಪಂಪು ನೀರನ್ನು ಎಷ್ಟು ಮೀಟರ್ ಎತ್ತರಕ್ಕೆ ತಳ್ಳಬೇಕು ಎಂಬುದೇ ಅದರ ಅರ್ಥ. ಇದನ್ನು ಕೊಳದ ತಳದಲ್ಲಿ ಕೂತ ಪಂಪಿನಿಂದ ಅಳೆಯುವುದು ಸರಿಯಲ್ಲ. ಪಂಪಿನ ಮೇಲಿರುವ ಕೊಳದ ನೀರೇ ಪೈಪಿನೊಳಗಿನ ನೀರನ್ನು ಕೊಳದ ಮಟ್ಟದವರೆಗೆ ಹಿಡಿದಿರುವುದರಿಂದ ಅಳತೆ ಕೊಳದ ನೀರಿನ ಮಟ್ಟದಿಂದ ಆರಂಭವಾಗಿ ಮೇಲಿನ ಮಡುವಿನಲ್ಲಿ ಪೈಪಿನ ಬಾಯಿ ಇರುವಲ್ಲಿಗೆ ಮುಗಿಯುತ್ತದೆ. ಕೋಡಿಗೆ ಮೊದಲು ಪುಟ್ಟ ತೊರೆಯೊಂದು ಇಳಿದು ಬರುವಂತೆ ಮಾಡಿದ್ದರೆ ಮಾದರಿ ಕೊಳದಲ್ಲಿ ಈ ಎತ್ತರ 80 ಸೆಂ.ಮೀ. ಎಂದಿಟ್ಟುಕೊಳ್ಳಬಹುದು.

ಇದಕ್ಕೆ ಪೈಪಿನ ಒಳಗಿನ ಉಜ್ಜಾಟವನ್ನು ಕೂಡಿಸಬೇಕು. ಅಷ್ಟೇ ನೀರನ್ನು ಸಾಗಿಸುವಾಗ ಉಜ್ಜಾಟದಿಂದಾಗುವ ನಷ್ಟವು ಪೈಪಿನ ವ್ಯಾಸದ ಐದನೆಯ ಘಾತಕ್ಕೆ ಹೆಚ್ಚುಕಡಿಮೆ ವಿಲೋಮವಾಗಿರುತ್ತದೆ, ಅಂದರೆ ವ್ಯಾಸವನ್ನು ಅರ್ಧ ಮಾಡಿದರೆ ನಷ್ಟ ಸುಮಾರು 32 ಪಟ್ಟಾಗುತ್ತದೆ. ಗಂಟೆಗೆ 3,000 ಲೀಟರ್ ನೀರನ್ನು 25 ಮಿ.ಮೀ. ಒಳವ್ಯಾಸದ 5 ಮೀಟರ್ ಪೈಪಿನಲ್ಲಿ ಕಳಿಸಿದರೆ ಸುಮಾರು 60 ಸೆಂ.ಮೀ. ಎತ್ತರಕ್ಕೆ ಸಮನಾದ ಒತ್ತಡ ಪೈಪಿನಲ್ಲಿಯೇ ಕರಗುತ್ತದೆ; ಅದೇ ನೀರಿಗೆ 40 ಮಿ.ಮೀ. ಪೈಪು ಕೊಟ್ಟರೆ ನಷ್ಟ ಆರೇಳು ಸೆಂ.ಮೀ.ಗೆ ಇಳಿಯುತ್ತದೆ. ಎಲ್ಬೋಗಳು ಮತ್ತು ಕವಾಟದ ಪಾಲನ್ನು ಸೇರಿಸಿದರೂ ದಪ್ಪ ಪೈಪಿನ ವ್ಯವಸ್ಥೆಗೆ ಒಟ್ಟು ಹೆಡ್ ಒಂದು ಮೀಟರಿನೊಳಗೆ ನಿಲ್ಲುತ್ತದೆ, ತೆಳು ಪೈಪಿನದು ಒಂದೂವರೆ ಮೀಟರಿನ ಆಸುಪಾಸಿಗೆ ಹೋಗುತ್ತದೆ. ಪೈಪಿಗೆ ಕೊಡುವ ಹೆಚ್ಚಿನ ಹಣ ಒಂದೇ ಬಾರಿಯದು, ಪಂಪು ಹೆಚ್ಚಾಗಿ ತಿನ್ನುವ ಕರೆಂಟು ಪ್ರತಿ ತಿಂಗಳಿನದು.

ಪಂಪಿನ ಡಬ್ಬಿಯ ಮೇಲೆ ಅಚ್ಚಾಗಿರುವ ಎರಡು ಅಂಕಿಗಳನ್ನು ಓದುವುದರಲ್ಲಿಯೂ ಎಚ್ಚರ ಬೇಕು. ‘ಗರಿಷ್ಠ ಹರಿವು ಗಂಟೆಗೆ 3,000 ಲೀಟರ್, ಗರಿಷ್ಠ ಹೆಡ್ 2 ಮೀಟರ್’ ಎಂದಿದ್ದರೆ, ಏನೂ ಎತ್ತದೆ ಇರುವಾಗ 3,000 ಲೀಟರ್ ಬರುತ್ತದೆ ಮತ್ತು 2 ಮೀಟರ್ ಎತ್ತರದಲ್ಲಿ ಒಂದು ಹನಿಯೂ ಬರುವುದಿಲ್ಲ ಎಂದೇ ಅದರ ಅರ್ಥ. ಈ ಎರಡರ ನಡುವೆ ಯಾವ ಎತ್ತರಕ್ಕೆ ಎಷ್ಟು ನೀರು ಬರುತ್ತದೆ ಎಂಬುದನ್ನು ತೋರಿಸುವ ರೇಖೆಯನ್ನು ತಯಾರಕರು ಕೊಡುತ್ತಾರೆ. ಒಂದು ಮೀಟರ್ ಹೆಡ್‌ನಲ್ಲಿ 3,000 ಲೀಟರ್ ಕೊಡುವ ಪಂಪನ್ನು ಆ ರೇಖೆಯಲ್ಲಿ ಹುಡುಕಿ ಆರಿಸಬೇಕು. ನೀರನ್ನು ಎತ್ತುವುದಕ್ಕೆ ತಾತ್ವಿಕವಾಗಿ ಬೇಕಾಗುವ ಶಕ್ತಿ ಇಲ್ಲಿ ಎಂಟು ವ್ಯಾಟ್ ಮಾತ್ರ. ಸಣ್ಣ ಪಂಪುಗಳ ದಕ್ಷತೆ ಕಡಿಮೆಯಾದ್ದರಿಂದ ಪ್ಲಗ್ಗಿನಿಂದ ಅದರ ನಾಲ್ಕೈದು ಪಟ್ಟು, ಅಂದರೆ 40 ವ್ಯಾಟ್‌ನಷ್ಟು ಖರ್ಚಾಗುತ್ತದೆ.

ದಿಬ್ಬ, ಹಾಳೆ, ಕಲ್ಲು

ಕೊಳ ತೋಡಿದ ಮಣ್ಣನ್ನೇ ಒಂದು ಬದಿಗೆ ಪೇರಿಸಿ ಜಲಪಾತದ ದಿಬ್ಬ ಮಾಡುವುದು ವಾಡಿಕೆ. ಸಡಿಲ ಮಣ್ಣು ಮೊದಲ ಮಳೆಗಾಲದಲ್ಲಿಯೇ ಕುಸಿಯುತ್ತದೆ, ದಿಬ್ಬ ಒಂದು ಬದಿಗೆ ಒಂದು ಸೆಂ.ಮೀ. ಕೂತರೂ ಹಿಂದೆ ವಿವರಿಸಿದ ಕೋಡಿಯ ಮಟ್ಟ ಕೆಡುತ್ತದೆ. ಅದಕ್ಕಾಗಿ ಹದಿನೈದು ಸೆಂ.ಮೀ. ದಪ್ಪದ ಪದರಗಳಲ್ಲಿ ಮಣ್ಣು ಹಾಕಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಿಮ್ಮಸು ಹೊಡೆಯಬೇಕು ಮತ್ತು ಕೋಡಿಯ ಚಪ್ಪಡಿ ಕೂರುವಲ್ಲಿ ಇಟ್ಟಿಗೆ ಅಥವಾ ಕಾಂಕ್ರೀಟಿನ ಚಿಕ್ಕ ಬುನಾದಿ ಹಾಕಬೇಕು.

ನೀರನ್ನು ನಿಜವಾಗಿ ಹಿಡಿದಿಡುವುದು ಕಲ್ಲುಗಳ ಅಡಿಯಲ್ಲಿರುವ ಹಾಳೆ. ಕಲ್ಲುಗಳು ಅದನ್ನು ಮರೆಮಾಡುತ್ತವೆ, ನೀರಿಗೆ ದಾರಿ ತೋರುತ್ತವೆ. ಕೃಷಿ ಹೊಂಡಗಳ ತಳಕ್ಕೆ ರೈತರು ಹಾಸುವ 500 ಮೈಕ್ರಾನ್ ದಪ್ಪದ ಪಾಲಿಥೀನ್ ಹಾಳೆ ಕರ್ನಾಟಕದಲ್ಲಿ ಸುಲಭವಾಗಿ ದೊರೆಯುತ್ತದೆ. ಸುಮಾರು ಒಂದು ಮಿಲಿಮೀಟರ್ ದಪ್ಪದ ಇಪಿಡಿಎಂ ಎಂಬ ಕೃತಕ ರಬ್ಬರಿನ ಹಾಳೆಗೆ ಬೆಲೆ ಹೆಚ್ಚು, ಆದರೆ ಅದು ಮೂಲೆಮೂಲೆಗೆ ಬಾಗಿ ಕೂರುತ್ತದೆ. ಹಾಳೆಯ ಉದ್ದವನ್ನು ಲೆಕ್ಕಹಾಕುವಾಗ ಕೊಳದ ಉದ್ದಕ್ಕೆ ಆಳದ ಎರಡರಷ್ಟನ್ನೂ ಅಂಚಿಗೆ ಎರಡೂ ಕಡೆ 30 ಸೆಂ.ಮೀ.ನಷ್ಟನ್ನೂ ಸೇರಿಸಬೇಕು, ಅದರಂತೆ ಮಾದರಿ ಕೊಳಕ್ಕೆ 4.8 ಮೀಟರ್ ಉದ್ದ, 3.8 ಮೀಟರ್ ಅಗಲದ ಹಾಳೆ ಬೇಕಾಗುತ್ತದೆ. ತೊರೆಗೆ ಹಾಸುವ ಹಾಳೆ ಬೇರೆಯಾಗಿದ್ದರೆ, ಮಾಡಿನ ಹೆಂಚುಗಳಂತೆ ಮೇಲಿನದು ಕೆಳಗಿನದರ ಮೇಲೆ ಬರುವ ಹಾಗೆ ಹೊದಿಸಬೇಕು. ಕಲ್ಲಿನ ಮೊನೆಗಳು ಚುಚ್ಚದಂತೆ ಹಾಳೆಯ ಕೆಳಗೆ ಮರಳು ಅಥವಾ ಹಳೆಯ ಗೋಣಿತಾಟು, ಮೇಲೆ ದಪ್ಪ ಬಟ್ಟೆ ಹಾಸುವುದು ಒಳ್ಳೆಯದು.

ನೀರು ಯಾವಾಗಲೂ ಸುಲಭವಾದ ದಾರಿಯನ್ನು ಹಿಡಿಯುವುದರಿಂದ, ಕೋಡಿಯ ಚಪ್ಪಡಿಯ ಕೆಳಗೆ ಮತ್ತು ಪಕ್ಕದ ಕಲ್ಲುಗಳ ಸಂದುಗಳಲ್ಲಿ ಗಾರೆ ತುಂಬದಿದ್ದರೆ ಪಂಪಿನ ನೀರೆಲ್ಲ ಕಲ್ಲುಗಳ ಹಿಂದಿನಿಂದಲೇ ಜಾರಿ ಕೊಳ ಸೇರುತ್ತದೆ, ಕೋಡಿ ಒಣಗಿರುತ್ತದೆ. ಹೊಸ ಸಿಮೆಂಟಿಗೆ ಇನ್ನೊಂದು ದೋಷವೂ ಇದೆ. ಸಿಮೆಂಟು ನೀರಿನೊಂದಿಗೆ ವರ್ತಿಸಿ ಗಟ್ಟಿಯಾಗುವಾಗ ಸುಣ್ಣ ಉತ್ಪತ್ತಿಯಾಗುತ್ತದೆ. ಅದು ಕೊಳಕ್ಕೆ ಸೋರಿ ನೀರಿನ ಕ್ಷಾರತೆಯನ್ನು ಮೀನುಗಳು ತಾಳಲಾರದಷ್ಟು ಹೆಚ್ಚಿಸುತ್ತದೆ. ಗಾರೆಯನ್ನು ಪೂರ್ತಿ ಕ್ಯೂರಿಂಗ್ ಮಾಡಿ, ಕೊಳವನ್ನು ಹಲವು ಬಾರಿ ತುಂಬಿಸಿ ಬರಿದು ಮಾಡಿದ ಮೇಲೆ ಮಾತ್ರ ಮೀನು ಬಿಡುವುದು ಕ್ಷೇಮ.

ಕರೆಂಟು ಹೋದಾಗ ಏನಾಗುತ್ತದೆ ಎಂಬುದನ್ನು ಕಟ್ಟುವ ಮೊದಲೇ ಯೋಚಿಸಿರಬೇಕು. ಪಂಪು ನಿಂತ ಕೂಡಲೆ ತೊರೆಯಲ್ಲಿ ದಾರಿಯಲ್ಲಿದ್ದ ನೀರೆಲ್ಲ ಕೊಳಕ್ಕೆ ಇಳಿಯುತ್ತದೆ. 3 ಮೀಟರ್ ಉದ್ದ, 40 ಸೆಂ.ಮೀ. ಅಗಲದ ತೊರೆಯಲ್ಲಿ 3 ಸೆಂ.ಮೀ. ನೀರಿದ್ದರೆ ಅದು 36 ಲೀಟರ್ ಆಗುತ್ತದೆ, ಮಾದರಿ ಕೊಳದ ಮಟ್ಟ ಅದರಿಂದ ಏರುವುದು ಆರು ಮಿಲಿಮೀಟರ್ ಅಷ್ಟೇ. ಆದರೆ ಪೈಪಿನ ಬಾಯಿ ಮೇಲಿನ ಮಡುವಿನಲ್ಲಿ ಮುಳುಗಿದ್ದರೆ ನೀರು ಪೈಪಿನ ಮೂಲಕವೇ ಹಿಂದಕ್ಕೆ ಎಳೆದುಕೊಂಡು ಮಡುವೂ ಬರಿದಾಗುತ್ತದೆ. ಬಾಯಿಯನ್ನು ನೀರಿನ ಮಟ್ಟಕ್ಕಿಂತ ಮೇಲಿಡುವುದು ಅಥವಾ ಹಿಮ್ಮುಖ ಹರಿವನ್ನು ತಡೆಯುವ ಕವಾಟ ಹಾಕುವುದು ಇದಕ್ಕೆ ಪರಿಹಾರ. ಪಂಪನ್ನು ಕೊಳದ ಅತಿ ಆಳದ ಜಾಗದಲ್ಲಿಡದೆ 20 ಸೆಂ.ಮೀ. ಎತ್ತರದ ಕಲ್ಲಿನ ಮೇಲಿಡುವುದರಲ್ಲಿಯೂ ಜಾಣತನವಿದೆ: ತೊರೆಯಲ್ಲಿ ಎಲ್ಲೋ ಸೋರಿಕೆ ಉಂಟಾಗಿ ನೀರೆಲ್ಲ ಹೊರಹೋದರೂ ಆ ಮಟ್ಟಕ್ಕಿಂತ ಕೆಳಗಿನ ನೀರು ಮೀನುಗಳಿಗೆ ಉಳಿಯುತ್ತದೆ. ಪಂಪಿನ ಲೈನಿಗೆ 30 ಮಿಲಿಆಂಪಿಯರ್ ಸೋರಿಕೆಗೇ ಕಡಿದುಕೊಳ್ಳುವ ಆರ್‌ಸಿಸಿಬಿ ಎಂಬ ಸುರಕ್ಷಾ ಸ್ವಿಚ್ಚನ್ನು ಹಾಕಿಸುವುದು, ನೀರಿಗೆ ಕೈ ಹಾಕುವ ಮೊದಲು ಪ್ಲಗ್ ತೆಗೆಯುವುದು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನೀರಿನ ಮಟ್ಟದ ಮೇಲೆ ಗಟ್ಟಿ ಜಾಲರಿ ಹಾಸುವುದು ಕಡ್ಡಾಯವೆಂದೇ ಭಾವಿಸಬೇಕು.

ಕೊಳದ ನೀರು ಇಳಿಯುತ್ತಿದ್ದರೆ ಹಾಳೆ ಹರಿದಿದೆ ಎಂದು ತಕ್ಷಣ ತೀರ್ಮಾನಿಸಬೇಕಾಗಿಲ್ಲ. ಒಳನಾಡಿನ ಬೇಸಿಗೆಯಲ್ಲಿ ದಿನಕ್ಕೆ ಏಳೆಂಟು ಮಿಲಿಮೀಟರ್ ನೀರು ಆವಿಯಾಗುವುದು ಸಹಜ, ಮಾದರಿ ಕೊಳಕ್ಕೆ ಅದು 45 ಲೀಟರಿನಷ್ಟಾಗುತ್ತದೆ. ಕೊಳದ ಪಕ್ಕದಲ್ಲೊಂದು ಬಕೆಟ್ಟಿನಲ್ಲಿ ನೀರಿಟ್ಟು ಎರಡರಲ್ಲೂ ಮಟ್ಟವನ್ನು ಗುರುತಿಸಿ, ಪಂಪು ನಿಲ್ಲಿಸಿ ಒಂದು ದಿನ ಬಿಟ್ಟು ನೋಡಿದರೆ ವಿಷಯ ತಿಳಿಯುತ್ತದೆ. ಎರಡೂ ಸಮನಾಗಿ ಇಳಿದಿದ್ದರೆ ಕೊಳದಲ್ಲಿ ದೋಷವಿಲ್ಲ. ಪಂಪು ಓಡುವಾಗ ಮಾತ್ರ ಹೆಚ್ಚು ಇಳಿಯುತ್ತಿದ್ದರೆ ದೋಷ ತೊರೆಯಲ್ಲಿದೆ. ಬಹುಪಾಲು ಅದು ಸಿಡಿತವಾಗಿರುತ್ತದೆ, ಇಲ್ಲವೆ ಹಾಳೆಯ ತಗ್ಗಿದ ಅಂಚಿನ ಮೇಲೆ ಬೆಳೆದ ಪಾಚಿ ಮತ್ತು ಮಣ್ಣು ನೀರನ್ನು ಬತ್ತಿಯ ಹಾಗೆ ಹೀರಿ ಹೊರಗೆ ಎಳೆಯುತ್ತಿರುತ್ತವೆ.

ಕಲ್ಲಿನ ಮೇಲಿನ ಜೀವಿಗಳು

ಮೀನುಗಳು ತಮ್ಮ ದೇಹದ ತ್ಯಾಜ್ಯವನ್ನು ಹೆಚ್ಚಾಗಿ ಕಿವಿರುಗಳ ಮೂಲಕ ಅಮೋನಿಯದ ರೂಪದಲ್ಲಿ ಹೊರಹಾಕುತ್ತವೆ, ಉಳಿದ ಆಹಾರ ಮತ್ತು ಎಲೆಗಳು ಕೊಳೆತಾಗಲೂ ಅಮೋನಿಯ ಹುಟ್ಟುತ್ತದೆ. ಅಲ್ಪ ಪ್ರಮಾಣದಲ್ಲಿಯೂ ವಿಷವಾಗಿರುವ ಇದನ್ನು ಒಂದು ಗುಂಪಿನ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿಯೂ ಇನ್ನೊಂದು ಗುಂಪು ಅದನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ರಷ್ಯಾ ಮೂಲದ ಸೂಕ್ಷ್ಮಜೀವಿ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಇವುಗಳನ್ನು ಬೇರ್ಪಡಿಸಿ, ಇವು ಈ ರಾಸಾಯನಿಕ ಕ್ರಿಯೆಯಿಂದಲೇ ತಮ್ಮ ಜೀವನಕ್ಕೆ ಬೇಕಾದ ಶಕ್ತಿ ಪಡೆಯುತ್ತವೆಂದು ತೋರಿಸಿದರು. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲುವುದಕ್ಕಿಂತ ಗಟ್ಟಿ ಮೇಲ್ಮೈಗೆ ಅಂಟಿ ಬದುಕುವುದೇ ಹೆಚ್ಚು, ಒಂದು ಗ್ರಾಂ ಅಮೋನಿಯ ಸಾರಜನಕವನ್ನು ನೈಟ್ರೇಟ್ ಆಗಿಸಲು ಅವುಗಳಿಗೆ ಸುಮಾರು 4.6 ಗ್ರಾಂ ಆಮ್ಲಜನಕ ಬೇಕು. ಕಲ್ಲು, ಹರಿವು, ಗಾಳಿ ಮೂರೂ ಕೂಡಿದ ಜಾಗ ಜಲಪಾತವಾದ್ದರಿಂದ ಮೇಲಿನ ಮಡುವಿನಲ್ಲಿ ಜಲ್ಲಿ ತುಂಬಿದರೆ ಅದೇ ಕೊಳದ ಶೋಧಕವಾಗುತ್ತದೆ. ಇವುಗಳ ಸಂಖ್ಯೆ ನಿಧಾನವಾಗಿ ಬೆಳೆಯುವುದರಿಂದ ಹೊಸ ಕೊಳ ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ನಲ್ಲಿ ನೀರಿನ ಕ್ಲೋರಿನ್ ಮೀನುಗಳನ್ನೂ ಈ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುವುದರಿಂದ ಹೊಸ ನೀರನ್ನು ಒಂದೆರಡು ದಿನ ತೆರೆದ ತೊಟ್ಟಿಯಲ್ಲಿಟ್ಟು ಬಳಸಬೇಕು.

ಕೊನೆಗೆ ಉಳಿಯುವ ನೈಟ್ರೇಟ್ ಸಸ್ಯಗಳಿಗೆ ಗೊಬ್ಬರ. ತೊರೆಯ ಬದಿಯಲ್ಲಿ ಬಜೆ, ಕೆಸು, ಒಂದೆಲಗ ಇಂಥ ತೇವಪ್ರಿಯ ಗಿಡಗಳನ್ನು ನೆಟ್ಟರೆ ಅವು ಅದನ್ನು ಹೀರಿಕೊಳ್ಳುತ್ತವೆ, ಇಲ್ಲದಿದ್ದರೆ ಅದೇ ಗೊಬ್ಬರವನ್ನು ತಿಂದು ಪಾಚಿ ಬೆಳೆದು ನೀರು ಹಸಿರಾಗುತ್ತದೆ. ನೈದಿಲೆಗೆ ನಿಂತ ನೀರು ಇಷ್ಟವಾದ್ದರಿಂದ ಅದನ್ನು ಜಲಪಾತದಿಂದ ಆದಷ್ಟು ದೂರದಲ್ಲಿಡಬೇಕು. ಸೊಳ್ಳೆಯ ಮರಿಗಳು ನೀರಿನ ಮೇಲ್ಮೈಗೆ ಬಂದು ಉಸಿರಾಡುವುದರಿಂದ ಸದಾ ಕಲಕುವ ನೀರಿನಲ್ಲಿ ಅವುಗಳಿಗೆ ನೆಲೆ ಸಿಗುವುದಿಲ್ಲ. ಆದರೆ ಪಂಪನ್ನು ವಾರಗಟ್ಟಲೆ ನಿಲ್ಲಿಸಿದರೆ ಮೆಟ್ಟಿಲುಗಳ ಕುಳಿಗಳಲ್ಲಿ ನಿಂತ ಒಂದೆರಡು ಲೀಟರ್ ನೀರೇ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಸಾಕಾಗುತ್ತದೆ, ಬೆಚ್ಚನೆಯ ದಿನಗಳಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ಏಳರಿಂದ ಹತ್ತು ದಿನ ಸಾಕು. ಸೊಳ್ಳೆ ನಿಯಂತ್ರಣಕ್ಕೆಂದು ಹೊರದೇಶದಿಂದ ತಂದ ಗ್ಯಾಂಬೂಸಿಯ ಮೀನು ಸ್ಥಳೀಯ ಮೀನುಗಳ ಮರಿಗಳನ್ನೂ ಕಪ್ಪೆಯ ಗೊದಮೊಟ್ಟೆಗಳನ್ನೂ ತಿನ್ನುವುದರಿಂದ ಅದನ್ನು ಬಿಡದಿರುವುದು ಒಳ್ಳೆಯದು.

ಯಾವ ಹೊತ್ತಿಗೆ ಓಡಿಸಬೇಕು

ಸಮುದ್ರಮಟ್ಟದಲ್ಲಿ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, 25 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರು ಕರಗಿಸಿಕೊಳ್ಳಬಲ್ಲದ್ದು 8.3 ಮಿಲಿಗ್ರಾಂ ಮಾತ್ರ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಅದು ಏಳೂವರೆಯ ಆಸುಪಾಸಿಗೆ ಇಳಿಯುತ್ತದೆ, ನೀರು ಬಿಸಿಯಾದಷ್ಟೂ ಇನ್ನೂ ತಗ್ಗುತ್ತದೆ. ಈ ಅಲ್ಪ ದಾಸ್ತಾನು ಖಾಲಿಯಾದಾಗ ಗಾಳಿಯಿಂದ ತಾನಾಗಿ ತುಂಬಿಕೊಳ್ಳುವುದು ಬಹಳ ನಿಧಾನ, ಏಕೆಂದರೆ ನಿಂತ ನೀರಿನಲ್ಲಿ ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಜಲಪಾತವು ನೀರನ್ನು ತೆಳುವಾಗಿ ಹರಡಿ, ಹನಿಯಾಗಿ ಒಡೆದು, ಗುಳ್ಳೆಗಳನ್ನು ಒಳಕ್ಕೆ ತಳ್ಳಿ ಗಾಳಿ ಮತ್ತು ನೀರು ತಾಕುವ ಮೇಲ್ಮೈಯನ್ನು ಹೆಚ್ಚಿಸುತ್ತದೆ, ತಳದ ನೀರನ್ನು ಮೇಲಕ್ಕೆ ತಂದು ಗಾಳಿಗೆ ಒಡ್ಡುತ್ತದೆ.

ಹಗಲಿನಲ್ಲಿ ಪಾಚಿ ಮತ್ತು ಗಿಡಗಳು ದ್ಯುತಿಸಂಶ್ಲೇಷಣೆಯಿಂದ, ಅಂದರೆ ಬಿಸಿಲಿನ ಬಲದಿಂದ ಆಹಾರ ತಯಾರಿಸುವ ಕ್ರಿಯೆಯಿಂದ, ನೀರಿಗೆ ಆಮ್ಲಜನಕ ಸೇರಿಸುತ್ತಿರುತ್ತವೆ. ಸೂರ್ಯ ಮುಳುಗಿದ ಮೇಲೆ ಆ ಸರಬರಾಜು ನಿಲ್ಲುತ್ತದೆ, ಆದರೆ ಮೀನು, ಬ್ಯಾಕ್ಟೀರಿಯಾ, ಗಿಡಗಳೆಲ್ಲವೂ ಉಸಿರಾಡುತ್ತಲೇ ಇರುತ್ತವೆ. ಆದ್ದರಿಂದ ಕೊಳದ ಆಮ್ಲಜನಕ ದಿನದ ಅತ್ಯಂತ ಕೆಳಮಟ್ಟಕ್ಕೆ ಇಳಿಯುವುದು ಬೆಳಗಿನ ಜಾವದಲ್ಲಿ, ಮೀನುಗಳು ಮೇಲೆ ಬಂದು ಬಾಯಿ ತೆರೆದು ಗುಟುಕರಿಸುವುದೂ ಆ ಹೊತ್ತಿನಲ್ಲಿಯೇ. ನೋಡಲು ಜನರಿರುವಾಗ ಜಲಪಾತವನ್ನು ಹರಿಸಿ, ಮಲಗುವ ಮುನ್ನ ಸ್ವಿಚ್ ಆರಿಸುವ ಅಭ್ಯಾಸವು ಕೊಳದ ಅಗತ್ಯಕ್ಕೆ ಸರಿಯಾಗಿ ವಿರುದ್ಧವಾಗಿದೆ. 40 ವ್ಯಾಟ್ ಪಂಪು ದಿನವಿಡೀ ಓಡಿದರೂ ಒಂದು ಯೂನಿಟ್ಟಿನೊಳಗೆ, ತಿಂಗಳಿಗೆ 29 ಯೂನಿಟ್ಟಿನಷ್ಟು ವಿದ್ಯುತ್ ಸಾಕಾದ್ದರಿಂದ ಅದನ್ನು ನಿಲ್ಲಿಸದಿರುವುದೇ ಉತ್ತಮ. ಉಳಿತಾಯ ಅನಿವಾರ್ಯವಾದರೆ ಟೈಮರ್ ಜೋಡಿಸಿ ಸಂಜೆ ಆರರಿಂದ ಬೆಳಗಿನ ಎಂಟರವರೆಗೆ ಬಿಡದೆ ಓಡಿಸಿ, ಹಗಲಿನಲ್ಲಿ ಜಲ್ಲಿಯ ಮೇಲಿನ ಬ್ಯಾಕ್ಟೀರಿಯಾಗಳು ಉಸಿರುಗಟ್ಟದಂತೆ ಪ್ರತಿ ಗಂಟೆಗೊಮ್ಮೆ ಕಾಲು ಗಂಟೆ ನೀರು ಹಾಯಿಸಬಹುದು. ಮೋಡ ಕವಿದು ಬಿಸಿಲೇ ಬೀಳದ ದಿನಗಳಲ್ಲಿ ಮತ್ತು ನೀರು ಬಿಸಿಯೇರುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಆ ಬಿಡುವನ್ನೂ ಕೊಡಬಾರದು.